ಎಲ್ಫ್ ಭಾಷೆಗೆ ಎಕ್ಸ್‌ಟ್ರಾ ಚಾರ್ಜ್

ಟೋಲ್ಕಿನ್ ಬರೆದ 'ದ ಲಾರ್ಡ್ ಆಫ್ ದ ರಿಂಗ್ಸ್' ಕಥೆಯ ಗಾಲಮ್ ಎಂಬ ಪ್ರಾಣಿ, ಕೈಗೆ ಸಿಕ್ಕವರನ್ನೆಲ್ಲ ಅಧಿಕಾರದ ಆಸೆಗೆ ಕೆಡವುವ ಆ ಮಾಯಾ ಉಂಗುರವನ್ನು ಇಟ್ಟುಕೊಂಡಿದ್ದದ್ದು ಹತ್ತಿರ ಹತ್ತಿರ ಐನೂರು ವರ್ಷ. ಬೆಟ್ಟದ ಹೊಟ್ಟೆಯೊಳಗಿನ ಕತ್ತಲಲ್ಲಿ ಕೂತು, ಹಸಿ ಮೀನು ತಿಂದು, ಅದನ್ನೇ ಸವರಿ ಸವರಿ 'ಮೈ ಪ್ರೆಷಸ್' ಅಂದುಕೊಂಡೇ ಆಯುಷ್ಯ ಸವೆಸಿದ. ಅಷ್ಟಾದರೂ ತೃಪ್ತಿ ಅನ್ನುವುದು ಅವನ ಹತ್ತಿರ ಸುಳಿಯಲಿಲ್ಲ. ಹೀಗಿರುವಾಗ 2023ರ ಮೇ 25ರಂದು ಐವತ್ತು ಡಾಲರ್ ಎಣಿಸಿ 'ದ ಲಾರ್ಡ್ ಆಫ್ ದ ರಿಂಗ್ಸ್: ಗಾಲಮ್' ಎಂಬ ವಿಡಿಯೋ ಗೇಮ್ ಕೊಂಡವರು ಅವತ್ತೇ 'ನಮಗೆ ತೃಪ್ತಿಯಾಗಲಿಲ್ಲ' ಎಂದು ಬೊಬ್ಬೆ ಹೊಡೆದರಲ್ಲ, ಇವರಿಗೆ ಏನನ್ನೋಣ? ಉಂಗುರ ಸಿಕ್ಕವನಿಗೇ ಸಿಗದ್ದು ಡೌನ್‌ಲೋಡ್ ಸಿಕ್ಕವರಿಗೆ ಸಿಗಬೇಕಂತೆ.

ನಾನಂತೂ ಈ ವಿಷಯದಲ್ಲಿ ಕಂಪನಿಯ ಪರ. ಆಡಿದವರೆಲ್ಲ ಒಂದು ಕಡೆ ನಿಂತು ಉಗಿಯುತ್ತಿರುವಾಗ ಇನ್ನೊಂದು ಕಡೆ ಯಾರಾದರೊಬ್ಬರು ಕೊಡೆ ಹಿಡಿದು ನಿಲ್ಲಬೇಡವೇ? ಜರ್ಮನಿಯ ಹ್ಯಾಂಬರ್ಗ್‌ನ ಡೇಡಾಲಿಕ್ ಸಂಸ್ಥೆ ಕಟ್ಟಿ, ಫ್ರಾನ್ಸಿನ ನೇಕಾನ್ ಜೊತೆಗೂಡಿ ಮಾರುಕಟ್ಟೆಗೆ ಬಿಟ್ಟ ಆಟ ಇದು. 2019ರಲ್ಲೇ ಘೋಷಣೆಯಾಯಿತು. 2021ಕ್ಕೆ ಬರುತ್ತೇನೆ ಅಂದಿತು, 2022ಕ್ಕೆ ಬರುತ್ತೇನೆ ಅಂದಿತು, 2023ಕ್ಕೆ ನಿಜವಾಗಿಯೂ ಬಂದೇಬಿಟ್ಟಿತು. ಬಂದಮೇಲೆ, ಬರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದರು. ಜನರ ಬಾಯಿ ಹೀಗೆಯೇ.

ಮೊದಲ ದೂರು, ಆಟದಲ್ಲಿ ಸಾಹಸವೇ ಇಲ್ಲ ಅಂತ. ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ಗಾಲಮ್ ದುಷ್ಟ ದೊರೆ ಸೌರಾನ್‌ನ ನಾಡಾದ ಮಾರ್ಡಾರ್‌ನಲ್ಲಿ, ಬರಾದ್-ದೂರ್ ಕೋಟೆಯ ಅಡಿಯಲ್ಲಿ ಗುಲಾಮನಾಗಿ ಬಿದ್ದಿರುತ್ತಾನೆ. ಬೆಳಗಾದರೆ ಆರ್ಕ್ ಮೇಸ್ತ್ರಿ (ಆರ್ಕ್ ಅಂದರೆ ಸೌರಾನ್‌ನ ರಾಕ್ಷಸ ಪಡೆಯವನು) ಗದರಿಸಿ ಎಬ್ಬಿಸುತ್ತಾನೆ. ಅವತ್ತಿನ ಕೆಲಸ ಹೇಳುತ್ತಾನೆ. ಗಣಿಯಲ್ಲಿ ಸತ್ತುಬಿದ್ದವರ ಗುರುತಿನ ಬಿಲ್ಲೆಗಳನ್ನು ಹುಡುಕಿ ತಾ ಅನ್ನುತ್ತಾನೆ. ಇನ್ನೊಂದು ದಿನ ಮೃಗಗಳನ್ನು ದೊಡ್ಡಿಗೆ ಅಟ್ಟು ಅನ್ನುತ್ತಾನೆ. ಮುಗಿಸಿದರೆ ವಾಪಸ್ ಕೋಣೆ, ನಿದ್ದೆ, ಮತ್ತೆ ಗದರಿಕೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಎರಡು ತಾಸು ಸಿಕ್ಕಿಹಾಕಿಕೊಂಡು ಮನೆ ಸೇರಿದ ಹುಡುಗ, ಕೊರಳಲ್ಲಿದ್ದ ಐಡಿ ಕಾರ್ಡ್ ತೆಗೆದಿಟ್ಟು, ಮನಸ್ಸು ಹಗುರ ಮಾಡಿಕೊಳ್ಳೋಣ ಎಂದು ಆಟಕ್ಕೆ ಕೂತರೆ ಅಲ್ಲಿ ಸತ್ತವರ ಐಡಿ ಕಾರ್ಡ್ ಬಿಚ್ಚಬೇಕು. ಇದನ್ನು ನೀರಸ ಎಂದು ಕರೆದವರಿಗೆ ವಾಸ್ತವವಾದದ ಗಂಧಗಾಳಿ ಇಲ್ಲ. ಸೌರಾನ್ ಎಂಬ ಸರ್ವಾಧಿಕಾರಿಯ ಆಳ್ವಿಕೆಯಲ್ಲಿ ದುಡಿಮೆ ಹೇಗಿರುತ್ತದೆ ಎಂದು ಓದಿ ತಿಳಿಯುವುದು ಬೇರೆ, ದುಡ್ಡು ಕೊಟ್ಟು ಅನುಭವಿಸುವುದು ಬೇರೆ.

ಎರಡನೆಯದು, ಹಾರಲು ಗುಂಡಿ ಒತ್ತಿದರೆ ಗಾಲಮ್ ಒಮ್ಮೊಮ್ಮೆ ಹಾರುವುದಿಲ್ಲ, ಹಾರಿದರೂ ಬಂಡೆ ಹಿಡಿಯುವುದಿಲ್ಲ, ನೇರ ಪಾತಾಳಕ್ಕೆ ಬೀಳುತ್ತಾನೆ ಅಂತ. ನಿಜ. ಆದರೆ ಕಂಪ್ಯೂಟರಿನಲ್ಲಿ ಆಡುವವರು ಗ್ರಾಫಿಕ್ಸ್ ಸೆಟ್ಟಿಂಗ್ ತೆರೆದು ನೋಡಿದ್ದಾರೆಯೇ? ಅಲ್ಲಿ ಗಾಲಮ್‌ನ ತಲೆಗೂದಲಿಗೆ ಅಂತಲೇ ಬೇರೆ ಒಂದು ಆಯ್ಕೆ ಇದೆ. ಆ ಬೋಳುಬುರುಡೆಯ ಮೇಲೆ ಉಳಿದಿರುವ ನಾಲ್ಕು ಎಳೆ ಗಾಳಿಗೆ ಹೇಗೆ ಅಲುಗಬೇಕು ಎಂದು ಲೆಕ್ಕ ಹಾಕಲು ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿರುವಾಗ ಕಾಲಿನ ಕಡೆ ಗಮನ ಕೊಡುವವರು ಯಾರು? ಕೂದಲು ಹಾರುತ್ತದೆ, ಕಾಲು ಹಾರುವುದಿಲ್ಲ. ಎರಡೂ ಒಟ್ಟಿಗೆ ಹಾರಲಿ ಅನ್ನುವುದು ದುರಾಸೆ. ಇನ್ನು ಶತ್ರುಗಳ ವಿಷಯ: ಬರಿತಲೆಯ ಆರ್ಕ್‌ನ ಬೆನ್ನ ಹಿಂದೆ ಹೋಗಿ ಕತ್ತು ಹಿಸುಕಬಹುದು, ಹೆಲ್ಮೆಟ್ ಹಾಕಿದ ಆರ್ಕ್‌ನ ಕೂದಲು ಕೊಂಕಿಸಲೂ ಆಗುವುದಿಲ್ಲ. ನಮ್ಮ ಸಂಚಾರ ಪೊಲೀಸರು ಈ ದೃಶ್ಯವನ್ನು ಸಿಗ್ನಲ್‌ಗಳಲ್ಲಿ ಹಾಕಿ ತೋರಿಸಬಹುದು.

ಒಂದು ಮಾತು ನೆಟ್ಟಗೆ ಹೇಳಬೇಕು. ಈ ಆಟದಲ್ಲಿ ಒಂದು ಒಳ್ಳೆಯ ಹೊಳಹು ಇತ್ತು. ಗಾಲಮ್ ಒಬ್ಬನಲ್ಲ, ಇಬ್ಬರು. ಕೆಟ್ಟವನು ಗಾಲಮ್, ಅವನೊಳಗೆ ಅಳುತ್ತಾ ಉಳಿದ ಹಳೆಯ ಜೀವ ಸ್ಮೀಗಲ್. ಕೆಲವು ಸಂದರ್ಭಗಳಲ್ಲಿ ಇಬ್ಬರಲ್ಲಿ ಒಬ್ಬನ ಪಕ್ಷ ಹಿಡಿದು, ಇನ್ನೊಬ್ಬನಿಗೆ ಒಂದೊಂದೇ ವಾದ ಹೂಡಿ ಒಪ್ಪಿಸಬೇಕು. ಕೈಯಲ್ಲಿ ಕತ್ತಿಯಿಲ್ಲದ, ಮೈಯಲ್ಲಿ ಕಸುವಿಲ್ಲದ ಒಬ್ಬ ಹತಭಾಗ್ಯನನ್ನು ನಾಯಕನನ್ನಾಗಿ ಮಾಡುವುದಕ್ಕೂ ಧೈರ್ಯ ಬೇಕು. ಡೇಡಾಲಿಕ್‌ನವರು ಮೊದಲು ಮಾಡುತ್ತಿದ್ದದ್ದು ಮಾತು, ಒಗಟು, ತಮಾಷೆ ತುಂಬಿದ ಸಣ್ಣ ಸಣ್ಣ ಆಟಗಳನ್ನು, 'ಡೆಪೋನಿಯಾ'ದಂಥವನ್ನು. ಅದರಲ್ಲಿ ಅವರಿಗೆ ಹೆಸರಿತ್ತು. ಇಬ್ಬರು ಗಾಲಮ್‌ಗಳ ಜಗಳವನ್ನೇ ಇಡೀ ಆಟ ಮಾಡಿದ್ದರೆ ಕೈಗೆ ಒಗ್ಗುತ್ತಿತ್ತೇನೋ. ಆದರೆ 'ಲಾರ್ಡ್ ಆಫ್ ದ ರಿಂಗ್ಸ್' ಅನ್ನುವ ಹೆಸರು ಕೈಗೆ ಬಂದಮೇಲೆ ಸಣ್ಣದಾಗಿ ಇರಲು ಯಾರಿಗೆ ಮನಸ್ಸು ಬರುತ್ತದೆ? ಆ ಹೆಸರಿಗೂ ಉಂಗುರದ ಗುಣವೇ ಇದೆ ಅನ್ನಿಸುತ್ತದೆ.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬರೋಣ. ಆಟಕ್ಕೆ ಒಂದು 'ಪ್ರೆಷಸ್ ಎಡಿಷನ್' ಇತ್ತು. ಮಾಮೂಲಿ ಬೆಲೆಯ ಮೇಲೆ ಹತ್ತು ಡಾಲರ್ ಹೆಚ್ಚು ಕೊಟ್ಟರೆ ಹಿನ್ನೆಲೆ ಸಂಗೀತ, ಚಿತ್ರಸಂಪುಟ ಇತ್ಯಾದಿಗಳ ಜೊತೆ ಇನ್ನೆರಡು ರತ್ನಗಳು ಸಿಗುತ್ತಿದ್ದವು. ಒಂದು, ಗಾಲಮ್‌ನಿಂದ ಮಾಡಿಸಬಹುದಾದ ಹಾವಭಾವಗಳು. ಇದು ಒಬ್ಬರೇ ಆಡುವ ಆಟ, ಹಾವಭಾವ ಯಾರಿಗೆ ತೋರಿಸುವುದು ಎಂದು ಕೇಳಬೇಡಿ. ತನ್ನೊಡನೆ ತಾನೇ ಮಾತಾಡುವವನು ತನಗೆ ತಾನೇ ಕೈಬೀಸಿಕೊಂಡರೆ ತಪ್ಪೇನು? ಇನ್ನೊಂದು, ಸಿಂಡರಿನ್. ಅಂದರೆ ಟೋಲ್ಕಿನ್ ಕಥೆಯಲ್ಲಿ ಬರುವ ಸಾವಿಲ್ಲದ ಜನಾಂಗವಾದ ಎಲ್ಫ್‌ಗಳ ಭಾಷೆ. ದುಡ್ಡು ಕೊಟ್ಟರೆ ಎಲ್ಫ್‌ಗಳು ತಮ್ಮತಮ್ಮಲ್ಲಿ ಸಿಂಡರಿನ್ ಆಡುತ್ತವೆ. ಕೊಡದಿದ್ದರೆ ಆ ಮಾತುಕತೆಗೆ ಇಂಗ್ಲಿಷೇ ಗತಿ.

ಇದರ ಸೊಗಸು ತಿಳಿಯಬೇಕಾದರೆ ಟೋಲ್ಕಿನ್ ಯಾರೆಂದು ನೆನಪಿಸಿಕೊಳ್ಳಬೇಕು. ಆ ಮನುಷ್ಯ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಪಾಠ ಹೇಳುತ್ತಿದ್ದ ಭಾಷಾಶಾಸ್ತ್ರಜ್ಞ. ಹುಡುಗನಾಗಿದ್ದಾಗಿನಿಂದ ಭಾಷೆಗಳನ್ನು ಹೊಸೆಯುವುದೇ ಹುಚ್ಚು. ವೆಲ್ಷ್ ಭಾಷೆಯ ನಾದಕ್ಕೆ ಮರುಳಾಗಿ ಸಿಂಡರಿನ್ ಕಟ್ಟಿದರು, ಅದಕ್ಕೆ ವ್ಯಾಕರಣ ಬರೆದರು, ಶಬ್ದಗಳಿಗೆ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಟ್ಟರು. ಇಷ್ಟೆಲ್ಲ ಆದಮೇಲೆ ಈ ಭಾಷೆಗಳನ್ನು ಆಡುವವರಿಗೆ ಒಂದು ಲೋಕ ಬೇಡವೇ ಎಂದು ಕಥೆ ಬರೆದರು. ಭಾಷೆ ಮೊದಲು, ಕಥೆ ಆಮೇಲೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕಂಪನಿಯವರು ಬಲು ಅಚ್ಚುಕಟ್ಟಾಗಿ ಆ ಅಡಿಪಾಯವನ್ನು ಕಿತ್ತು ಪಕ್ಕಕ್ಕಿಟ್ಟು ಹತ್ತು ಡಾಲರಿನ ಚೀಟಿ ಅಂಟಿಸಿದರು.

ನಾವು ಕನ್ನಡಿಗರು ನಗುವಂತೆಯೂ ಇಲ್ಲ ಅನ್ನಿ. ಹುಟ್ಟಿನಿಂದ ಮಾತಾಡುವ ಒಂದೇ ಒಂದು ಮನೆಯಿಲ್ಲದ ಭಾಷೆಗೆ ಅಲ್ಲಿ ಬೆಲೆಯಾದರೂ ಇತ್ತು. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಮಂದಿ ತಾಯ್ನುಡಿ ಎಂದು ಬರೆಸಿದ ಕನ್ನಡ ಆ ಆಟದಲ್ಲಿ ದುಡ್ಡು ಕೊಡುತ್ತೇವೆ ಅಂದರೂ ಇಲ್ಲ.

ಆಟ ಬಂದ ಮಾರನೆಯ ದಿನವೇ ಕ್ಷಮಾಪಣೆಯೂ ಬಿಡುಗಡೆಯಾಯಿತು. ಇದು ಮಾತ್ರ ಒಂದು ದಿನವೂ ತಡವಾಗಲಿಲ್ಲ ಎಂಬುದನ್ನು ಗಮನಿಸಬೇಕು. ನಿಮ್ಮ ನಿರೀಕ್ಷೆ ಮುಟ್ಟಲಾಗಲಿಲ್ಲ, ವಿಷಾದಿಸುತ್ತೇವೆ, ಸರಿಪಡಿಸುತ್ತೇವೆ ಎಂಬ ಒಕ್ಕಣೆ. ಎಲ್ಲ ಚೆನ್ನಾಗಿತ್ತು, ಆಟದ ಹೆಸರೊಂದು ಬಿಟ್ಟು. 'ಲಾರ್ಡ್ ಆಫ್ ದ ರಿಂಗ್' ಎಂದು ಅಚ್ಚಾಗಿತ್ತು. ಕಥೆಯಲ್ಲಿ ಸೌರಾನ್‌ನ ಒಂದು ಉಂಗುರವಲ್ಲದೆ ಬೇರೆ ಉಂಗುರಗಳೂ ಇವೆ: ಎಲ್ಫ್‌ಗಳಿಗೆ ಮೂರು, ಕುಳ್ಳರ ದೊರೆಗಳಿಗೆ ಏಳು, ಸಾಯಲು ಹುಟ್ಟಿದ ಮನುಷ್ಯರಿಗೆ ಒಂಬತ್ತು, ಒಟ್ಟು ಹತ್ತೊಂಬತ್ತು ಉಂಗುರಗಳನ್ನು ಒಂದಕ್ಷರ ಅಳಿಸಿ ಮಾಯ ಮಾಡಿದ್ದರು. ಸೌರಾನ್ ಇಡೀ ಸೈನ್ಯ ಕಟ್ಟಿಕೊಂಡು ಸಾಧಿಸಲಾಗದ್ದನ್ನು ಸಾಧಿಸಿದ ಆ ಬೆರಳು ಯಾರದ್ದು ಎಂದು ಎಲ್ಲರಿಗೂ ಕುತೂಹಲ. ಅದೇ ಅಕ್ಟೋಬರಿನಲ್ಲಿ ಜರ್ಮನಿಯ 'ಗೇಮ್ ಟೂ' ಕಾರ್ಯಕ್ರಮ, ಹೆಸರು ಹೇಳಿಕೊಳ್ಳದ ಮೂಲಗಳನ್ನು ಆಧರಿಸಿ ವರದಿ ಮಾಡಿತು: ಆ ಪತ್ರ ಡೇಡಾಲಿಕ್‌ನವರು ಬರೆದದ್ದೇ ಅಲ್ಲ, ನೇಕಾನ್ ಕಡೆಯಿಂದ ಚಾಟ್‌ಜಿಪಿಟಿ ಹಿಡಿದು ಬರೆಸಿದ್ದು ಅಂತ. ಇದು ನಿಜವೇ ಆಗಿದ್ದರೆ ನನಗೆ ಬೇಸರವಿಲ್ಲ. ಮನುಷ್ಯರಾದವರು ಆಟ ಕೆಡಿಸಿದರು, ಯಂತ್ರವಾದದ್ದು ಪಶ್ಚಾತ್ತಾಪ ಪಟ್ಟಿತು. ಕೆಲಸ ಹಂಚಿಕೊಳ್ಳುವುದು ಅಂದರೆ ಇದೇ ಅಲ್ಲವೇ.

ಆ ಪತ್ರ ಯಾರ ಹೆಸರಿನಲ್ಲಿ ಹೊರಟಿತ್ತೋ ಅವರಿಗೆ ಮಾತ್ರ ನಗು ಬರುವಂತಿರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಡೇಡಾಲಿಕ್ ತಾನೇ ಆಟ ತಯಾರಿಸುವ ವಿಭಾಗಕ್ಕೆ ಬೀಗ ಹಾಕಿತು. 25 ಮಂದಿ ಕೆಲಸ ಕಳೆದುಕೊಂಡರು. ಪತ್ರದಲ್ಲಿ ಅವರಿಗೊಂದು ಸಾಲು ಇರಲಿಲ್ಲ.

ಇದೆಲ್ಲ ಹ್ಯಾಂಬರ್ಗ್‌ನವರ ಅನನುಭವ, ಅಮೆರಿಕದ ದೊಡ್ಡವರ ಕೈಗೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವವರಿದ್ದಾರೆ. ದೊಡ್ಡವರ ಕೈಗೂ ಕೊಟ್ಟಾಗಿದೆ. ವಾರ್ನರ್ ಬ್ರದರ್ಸ್‌ಗಾಗಿ ಮೊನೊಲಿತ್ ಸ್ಟುಡಿಯೋ 2014ರಲ್ಲಿ 'ಶ್ಯಾಡೋ ಆಫ್ ಮಾರ್ಡಾರ್' ಮಾಡಿತು. ಆಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅದರಲ್ಲಿ ನೆಮೆಸಿಸ್ ಎಂಬ ಏರ್ಪಾಡು. ನಿಮ್ಮನ್ನು ಕೊಂದ ಯಃಕಶ್ಚಿತ್ ಆರ್ಕ್ ಅದನ್ನೇ ಹೇಳಿಕೊಂಡು ಬಡ್ತಿ ಪಡೆಯುತ್ತಾನೆ, ನೀವು ಕೊಟ್ಟ ಗಾಯದ ಕಲೆ ಹೊತ್ತು ಮತ್ತೆ ಎದುರಾಗುತ್ತಾನೆ, ಹಳೆಯದನ್ನೆಲ್ಲ ಎತ್ತಿ ಆಡುತ್ತಾನೆ. 2017ರಲ್ಲಿ ಬಂದ ಮುಂದಿನ ಭಾಗ 'ಶ್ಯಾಡೋ ಆಫ್ ವಾರ್'ನಲ್ಲಿ ಇವರಿಗೆ ಜ್ಞಾನೋದಯವಾಯಿತು: ಆರ್ಕ್‌ಗಳನ್ನು ಆಡಿ ಯಾಕೆ ಗೆಲ್ಲಬೇಕು, ಪೆಟ್ಟಿಗೆಯಲ್ಲಿ ತುಂಬಿ ಮಾರಬಹುದಲ್ಲ! ಆಗಲೇ ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದೊಳಗೆ ಮತ್ತೊಂದು ಅಂಗಡಿ. ನಿಜವಾದ ದುಡ್ಡು ಕೊಟ್ಟು ಪೆಟ್ಟಿಗೆ ಒಡೆದರೆ ಒಳಗೆ ಯಾವ ಆರ್ಕ್ ಇದ್ದಾನೋ ಅವನ ಹಣೆಬರಹ, ನಿಮ್ಮ ಹಣೆಬರಹ. ಅಧಿಕಾರದ ಆಸೆ ಮನುಷ್ಯನನ್ನು ಹೇಗೆ ತಿನ್ನುತ್ತದೆ ಎಂದು ಮೂರು ಸಂಪುಟ ಬರೆದವರ ಲೋಕದಲ್ಲಿ ಸೈನಿಕರ ಲಾಟರಿ. ಅದೇ ಆಟದಲ್ಲಿ ನಾಯಕ ತನ್ನದೇ ಹೊಸ ಉಂಗುರ ಮಾಡಿಸಿಕೊಂಡು ಓಡಾಡುತ್ತಾನೆ, ಶೀಲಾಬ್ ಎಂಬ ರಾಕ್ಷಸ ಜೇಡ ಕಪ್ಪು ಗೌನು ತೊಟ್ಟ ಚೆಲುವೆಯಾಗಿ ಬರುತ್ತಾಳೆ. ಟೋಲ್ಕಿನ್ ಜೇಡಕ್ಕೆ ಬಟ್ಟೆ ಹೊಲಿಸಲು ಮರೆತಿದ್ದರು, ಪಾಪ.

ಬೈಗುಳ ತಿಂದು ತಿಂದು 2018ರ ಜುಲೈಯಲ್ಲಿ ಆ ಅಂಗಡಿ ಮುಚ್ಚಿದರು. ಆರ್ಕ್‌ಗಳನ್ನು ಮಾರುವುದರಿಂದ ಆಟದ ಹೃದಯವಾದ ನೆಮೆಸಿಸ್‌ಗೇ ಪೆಟ್ಟು ಎಂದು ಅವರಿಗೂ ಹೊಳೆದಿತ್ತಂತೆ. ಆ ಹೃದಯಕ್ಕೆ ಬೇಲಿಯನ್ನೂ ಹಾಕಿಸಿದರು. 2021ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಹಳೆಯ ಹಗೆಯನ್ನು ನೆನಪಿಟ್ಟುಕೊಂಡು, ಮೇಲ್ದರ್ಜೆಗೇರಿ, ಮತ್ತೆ ಬಂದು ಕಾಡುವ ವಿಧಾನಕ್ಕೆ ಪೇಟೆಂಟ್! ಅದು ಅಮೆರಿಕಕ್ಕಷ್ಟೇ ಸೀಮಿತವಾದದ್ದು ನಮ್ಮ ಪುಣ್ಯ. ಇಲ್ಲಿಗೂ ಬಂದಿದ್ದರೆ ನಮ್ಮ ಹಳ್ಳಿಗಳ ದಾಯಾದಿಗಳೆಲ್ಲ ಪ್ರತಿ ಯುಗಾದಿಗೆ ವಾರ್ನರ್ ಬ್ರದರ್ಸ್‌ಗೆ ರಾಯಲ್ಟಿ ಕಟ್ಟಬೇಕಾಗುತ್ತಿತ್ತು. ಆಮೇಲೆ ಏನಾಯಿತು ಅಂದರೆ, 2025ರ ಫೆಬ್ರವರಿಯಲ್ಲಿ ಮೊನೊಲಿತ್ ಸ್ಟುಡಿಯೋವನ್ನೇ ವಾರ್ನರ್‌ನವರು ಮುಚ್ಚಿದರು. ಪೇಟೆಂಟ್ ಮಾತ್ರ ಗಟ್ಟಿಯಾಗಿದೆ. ಬದುವಿನ ವ್ಯಾಜ್ಯಕ್ಕೆ ಹೊಲ ಮಾರಿ, ಕೊನೆಗೆ ಕೋರ್ಟಿನ ಕಾಗದ ಮಾತ್ರ ಟ್ರಂಕಿನಲ್ಲಿ ಉಳಿಸಿಕೊಂಡ ಮನೆಯ ಹಾಗೆ.

ಇದಕ್ಕೆಲ್ಲ ಟೋಲ್ಕಿನ್ ಅವರ ಪಾಲೂ ಸ್ವಲ್ಪ ಇದೆ ಅನ್ನಿ. 1969ರಲ್ಲಿ ಸಿನಿಮಾ ಹಕ್ಕುಗಳನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದರು. ಅಲ್ಲಿಂದ ಅವು 1976ರಲ್ಲಿ ಸಾಲ್ ಜಾಂಟ್ಜ್ ಎಂಬ ಸಿನಿಮಾ ನಿರ್ಮಾಪಕರ ಕೈಗೆ, 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಎಂಬ ಗೇಮ್ ಕಂಪನಿಯ ಕೈಗೆ. ಕೈ ಬದಲಾದಾಗಲೆಲ್ಲ ಹೊಸಬರು ಹೇಳುವುದು ಒಂದೇ, ನಾವು ಇದನ್ನು ಒಳ್ಳೆಯದಕ್ಕೇ ಬಳಸುತ್ತೇವೆ. ಕಥೆಯಲ್ಲಿ ಉಂಗುರದ ಆಸೆಗೆ ಬಿದ್ದ ಯೋಧ ಬೊರೊಮಿರ್ ಹೇಳಿದ್ದೂ ಇದನ್ನೇ.

ಹಾಗಾದರೆ ಈ ಕಥೆಗಳಿಂದ ತೃಪ್ತಿ ಕೊಟ್ಟ ಆಟವೇ ಇಲ್ಲವೇ? ಇತ್ತು. 1982ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವೆರೋನಿಕಾ ಮೆಗ್ಲರ್, ಫಿಲಿಪ್ ಮಿಚೆಲ್ ಎಂಬ ಇಬ್ಬರು ವಿದ್ಯಾರ್ಥಿ ವಯಸ್ಸಿನವರು ಮುಂದೆ ನಿಂತು, ಟೋಲ್ಕಿನ್ ಅವರ ಅದೇ ಹೆಸರಿನ ಪುಸ್ತಕದಿಂದ ಕಟ್ಟಿದ 'ದ ಹಾಬಿಟ್'. ಸ್ಪೆಕ್ಟ್ರಮ್ ಕಂಪ್ಯೂಟರಿನ 48 ಕೆಬಿ ಮೆಮೊರಿಯಲ್ಲಿ ಇಡೀ ಆಟ. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಗುಲಾಬಿ ಅದಕ್ಕಿಂತ ದಪ್ಪ. ಪರದೆಯ ಮೇಲೆ ಒಂದಷ್ಟು ಚಿತ್ರ, ಉಳಿದದ್ದೆಲ್ಲ ಅಕ್ಷರ. ಹೋಗು, ಬಾಗಿಲು ತೆರೆ, ಅಂತ ಟೈಪ್ ಮಾಡಬೇಕು. ಪಾತ್ರಗಳು ನಿಮ್ಮ ಅಪ್ಪಣೆಗೆ ಕಾಯುತ್ತಿರಲಿಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ತನ್ನ ಪಾಡಿಗೆ ಬರುತ್ತಿದ್ದ, ಹೋಗುತ್ತಿದ್ದ. ನೀವು ಪ್ರಾಣಸಂಕಟದಲ್ಲಿ ಒದ್ದಾಡುತ್ತಿರುವಾಗ ಕುಳ್ಳರ ನಾಯಕ ಥೋರಿನ್ ಮಹಾಶಯ ಕೆಳಗೆ ಕೂತು ಚಿನ್ನದ ಬಗ್ಗೆ ಹಾಡಲು ಶುರು ಮಾಡುತ್ತಿದ್ದ. ಬಗ್‌ಗಳು, ಅಂದರೆ ಪ್ರೋಗ್ರಾಮಿನ ದೋಷಗಳು, ಅದರಲ್ಲೂ ರಾಶಿ ರಾಶಿ. ಆದರೂ ಆಡಿದವರು ಇವತ್ತಿಗೂ ಥೋರಿನ್‌ನ ಹಾಡನ್ನು ನೆನೆಸಿಕೊಂಡು ನಗುತ್ತಾರೆ. ಪೆಟ್ಟಿಗೆಯೊಳಗೆ ಕ್ಯಾಸೆಟ್ಟಿನ ಜೊತೆ ಟೋಲ್ಕಿನ್ ಅವರ ಪುಸ್ತಕವನ್ನೂ ಇಟ್ಟು ಕೊಡುತ್ತಿದ್ದರು. ಆಟ ಕೈಕೊಟ್ಟರೆ ಪುಸ್ತಕ ಓದಿಕೊಳ್ಳಿ ಎಂಬ ಏರ್ಪಾಡು. ಕ್ಷಮಾಪಣಾ ಪತ್ರದ ಖರ್ಚೇ ಉಳಿಯುತ್ತಿತ್ತು.

ಗಾಲಮ್‌ನನ್ನು ಹುಡುಕಿಕೊಂಡು ಹೋಗುವ ಹೊಸ ಸಿನಿಮಾ 'ದ ಹಂಟ್ ಫಾರ್ ಗಾಲಮ್' 2027ರ ಡಿಸೆಂಬರ್‌ಗೆ ಎಂದು ಗೊತ್ತುಮಾಡಿದ್ದಾರೆ. ಸಿನಿಮಾ ಬಂದಮೇಲೆ ಅದರ ಬೆನ್ನಿಗೆ ಯಾರೋ ಒಬ್ಬರು ಗೇಮ್ ತರದೆ ಬಿಡುತ್ತಾರೆಯೇ? ಕಂಪನಿಯ ಹಿತೈಷಿಯಾಗಿ ಅವರಿಗೆ ನನ್ನದೊಂದು ಸಣ್ಣ ವಿನಂತಿ. ಕ್ಷಮಾಪಣೆಯನ್ನು ಈಗಲೇ ಬರೆಸಿಟ್ಟುಕೊಳ್ಳಿ, ಕಳಿಸುವ ಮುನ್ನ ಉಂಗುರಗಳನ್ನು ಒಮ್ಮೆ ಎಣಿಸಿ. ಸಿಂಡರಿನ್‌ನಲ್ಲೂ ಒಂದು ಪ್ರತಿ ಇರಲಿ, ಅದಕ್ಕೆ ಹತ್ತು ಡಾಲರ್ ಬೇರೆ ತೆಗೆದುಕೊಳ್ಳಿ.