ವಾಕ್ ಮಾಡಿ ಅಂದರಷ್ಟೇ ಸಾಕಾ?

ನನಗೆ ಖಿನ್ನತೆ ಇದೆ ಅಂತ ಗೊತ್ತಾದ ದಿನ ಡಾಕ್ಟರ್ ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಲ್ಲ ಬರೆದರು. ಎದ್ದು ಬಾಗಿಲ ಹತ್ತಿರ ಬಂದಾಗ "ದಿನಾ ಸ್ವಲ್ಪ ವಾಕ್ ಮಾಡಮ್ಮ" ಅಂದರು. ಹೊಸ ಶೂ ತಂದೆ. ಮೂರು ವಾರ ಅದು ಬಾಗಿಲ ಪಕ್ಕದಲ್ಲೇ ಇತ್ತು. ಹಲ್ಲುಜ್ಜಲು ಏಳುವುದೇ ಕಷ್ಟವಾಗಿದ್ದ ದಿನಗಳವು. ಆ ಶೂ ಕಂಡಾಗಲೆಲ್ಲ ಇಷ್ಟೂ ನನ್ನ ಕೈಲಿ ಆಗಲ್ವಾ ಅನ್ನಿಸಿ ಇನ್ನಷ್ಟು ಕುಗ್ಗುತ್ತಿದ್ದೆ.

ವ್ಯಾಯಾಮದಿಂದ ಖಿನ್ನತೆ ಇಳಿಯುತ್ತದೆ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿದ್ದವರು 50 ವರ್ಷ ದಾಟಿದ 156 ಜನ. ಕೆಲವರಿಗೆ ಸರ್ಟ್ರಲಿನ್ ಅನ್ನುವ ಖಿನ್ನತೆಯ ಮಾತ್ರೆ, ಕೆಲವರಿಗೆ ವ್ಯಾಯಾಮ, ಉಳಿದವರಿಗೆ ಎರಡೂ. 16 ವಾರ ಕಳೆದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಚೇತರಿಸಿಕೊಂಡಿದ್ದರು. ಮೊದಮೊದಲು ಬೇಗ ಕೆಲಸ ಮಾಡಿದ್ದು ಮಾತ್ರೆ. ಆದರೆ ಅಲ್ಲಿ ವ್ಯಾಯಾಮವನ್ನು ಹೇಗೆ ಮಾಡಿಸಿದರು ನೋಡಿ. ವಾರಕ್ಕೆ ಮೂರು ಸಲ, ಗುಂಪಿನಲ್ಲಿ, ನೋಡಿಕೊಳ್ಳುವವರು ಎದುರಿಗೇ ಇದ್ದರು.

2012ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನದಲ್ಲಿ 361 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಚಟುವಟಿಕೆ ಹೆಚ್ಚಿಸಿಕೊಳ್ಳಲು ಸಲಹೆ, ಉತ್ತೇಜನ ಕೊಟ್ಟರು. ಅವರು ಸ್ವಲ್ಪ ಜಾಸ್ತಿ ಓಡಾಡಿದ್ದು ನಿಜ. ಆದರೂ ಉಳಿದವರಿಗಿಂತ ಖಿನ್ನತೆಯೇನೂ ಹೆಚ್ಚು ಇಳಿಯಲಿಲ್ಲ. ಇದನ್ನು ಓದಿದಾಗ ನನ್ನ ಎದೆ ಸ್ವಲ್ಪ ಹಗುರಾಯಿತು. ಬರೀ ಮಾತಿನಿಂದ ಆಗದೇ ಇದ್ದದ್ದು ನನಗೊಬ್ಬಳಿಗೇ ಅಲ್ಲ ಅಲ್ವಾ?

ಬ್ರಿಟನ್ನಿನ ಈಗಿನ ಮಾರ್ಗಸೂಚಿ ಖಿನ್ನತೆಯ ಚಿಕಿತ್ಸೆಗಳ ಸಾಲಿನಲ್ಲೇ ವ್ಯಾಯಾಮವನ್ನೂ ಇಟ್ಟಿದೆ. ತರಬೇತಿ ಪಡೆದವರು ನಡೆಸುವ ಗುಂಪು, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ, ಸಾಮಾನ್ಯವಾಗಿ 10 ವಾರ. ಅದನ್ನು ನಾನು ಔಷಧಿ ಅಂತ ಒಪ್ಪುತ್ತೇನೆ.

ನನ್ನನ್ನು ಹೊರಗೆ ಕರೆದುಕೊಂಡು ಹೋದವರು ಮೇಲಿನ ಮನೆ ಆಂಟಿ. ಬೆಳಿಗ್ಗೆ ಆರೂಕಾಲಿಗೆ ಬೆಲ್ ಒತ್ತಿ "ಬಾ, ಹಾಲು ತರೋಣ" ಅನ್ನುತ್ತಿದ್ದರು. ಮೊದಲ ದಿನ ಬೀದಿ ಕೊನೆಯ ಅಂಗಡಿವರೆಗೆ ಮಾತ್ರ ಹೋದೆವು. ತಿಂಗಳ ಮೇಲೆ ಪಾರ್ಕಿಗೆ ಮೂರು ಸುತ್ತು. ಮಾತ್ರೆ ಬಿಡಲಿಲ್ಲ. ಮುಂದೆ ಡಾಕ್ಟರೇ ನಿಧಾನಕ್ಕೆ ಕಡಿಮೆ ಮಾಡಿದರು. ದಯವಿಟ್ಟು ಯಾರೂ ನಡಿಗೆ ಶುರುವಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ.

ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ನಡಿಗೆಯನ್ನೂ ಚೀಟಿಯಲ್ಲೇ ಬರೆಯಿರಿ. ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ, ಯಾರ ಜೊತೆ. ಮನೆಯವರನ್ನೂ ಕೂರಿಸಿ ಹೇಳಿ. ಮುಂದಿನ ಸಲ ಬಂದಾಗ ಮಾತ್ರೆ ಬಗ್ಗೆ ಕೇಳುವ ಹಾಗೆ ಅದನ್ನೂ ಕೇಳಿ. ಆಗಲಿಲ್ಲ ಅಂದರೆ ಬೈಯಬೇಡಿ, ಹತ್ತು ನಿಮಿಷಕ್ಕೆ ಇಳಿಸಿ ಕೊಡಿ.

ಇದನ್ನು ಓದುತ್ತಿರುವ ಯಾರಿಗಾದರೂ ಈಗಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.