ಅಮಾಪಿಯಾನೊಗೆ ಸರಿ, ಗ್ಕೋಮ್‌ಗೆ ಅಲ್ಲ

ಡಿಜೆಗಳು ಹಾಡುಗಳನ್ನು ಒಂದಕ್ಕೊಂದು ಬೆಸೆಯುವ ಬಗೆಗಿನ ಲೇಖನವೊಂದನ್ನು ಓದಿದೆ. ವೇಗವೂ ಕೀಯೂ (ಹಾಡಿನ ಆಧಾರ ಶ್ರುತಿ) ಹೊಂದಿದರೆ ಯಾವ ಎರಡು ಆಫ್ರಿಕನ್ ನೃತ್ಯಗೀತೆಗಳನ್ನಾದರೂ ಬೆಸೆಯಬಹುದು ಎಂಬ ಅದರ ಲೇಖಕರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಶೈಲಿಯ ಹಾಡುಗಳು ಹೆಚ್ಚಾಗಿ ನಿಮಿಷಕ್ಕೆ 110ರಿಂದ 115 ಬೀಟ್‌ಗಳ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ವೇಗ ತಲೆನೋವೇ ಅಲ್ಲ. ಕಾಟ ಕೊಡುವುದು ಲಾಗ್ ಡ್ರಮ್. ಹೆಸರಿಗೆ ಡ್ರಮ್ ಆದರೂ ಅದು ಸ್ವರ ನುಡಿಯುವ ಬಾಸ್. ಎರಡು ಹಾಡುಗಳ ಲಾಗ್ ಡ್ರಮ್ ಒಟ್ಟಿಗೆ ಮೊಳಗಿದರೆ, ಕೀ ಒಂದೇ ಆಗಿದ್ದರೂ ತಗ್ಗಿನ ನಾದವೆಲ್ಲ ಕಲಸಿಹೋಗುತ್ತದೆ. ಒಂದರ ಬಾಸ್ ಪೂರ್ತಿ ಇಳಿಸಿದ ಮೇಲೆಯೇ ಇನ್ನೊಂದರದ್ದನ್ನು ಏರಿಸಬೇಕು.

ಅದೇ ದೇಶದ ಡರ್ಬನ್ ನಗರದ ಗ್ಕೋಮ್ ಶೈಲಿಯ ಹಾಡುಗಳಿಗೆ ಕೀ ಹುಡುಕುತ್ತಾ ಕೂರುವುದು ಬಹುಮಟ್ಟಿಗೆ ವ್ಯರ್ಥ. ಅಲ್ಲಿ ರಾಗಕ್ಕಿಂತ ಮುರಿದ ಪೆಟ್ಟುಗಳದ್ದೇ ಕಾರುಬಾರು. ಎರಡು ಹಾಡುಗಳ ಕಿಕ್ (ಬಾಸ್ ಡ್ರಮ್‌ನ ಪೆಟ್ಟು) ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಕಿವಿಯೇ ನಿರ್ಧರಿಸಬೇಕು.

ಲೇಖನ ಮುಟ್ಟದೇ ಬಿಟ್ಟ ಮುಖ್ಯ ಸಂಗತಿ ಇನ್ನೊಂದಿದೆ. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿದಿಡುವ ಸೌಲಭ್ಯ) ಹಾಕದೆ ವೇಗವನ್ನು ಸುಮಾರು ಶೇ 6ರಷ್ಟು ಹೆಚ್ಚಿಸಿದರೆ ಹಾಡು ಅರ್ಧ ಸ್ವರ ಮೇಲೇರುತ್ತದೆ. 113ರ ವೇಗದ ಎ ಮೈನರ್ ಹಾಡನ್ನು 120ರ ವೇಗದ ಆಫ್ರೋ ಹೌಸ್ ಶೈಲಿಯ ಹಾಡಿಗೆ ಹೊಂದಿಸಿದರೆ ಅದು ಬಿ ಫ್ಲಾಟ್ ಮೈನರ್ ಆಗಿಬಿಡುತ್ತದೆ. ಕೀಗಳಿಗೆ ಗಡಿಯಾರದಂತೆ ಅಂಕಿ ಕೊಡುವ ಕ್ಯಾಮಲಾಟ್ ಚಕ್ರದಲ್ಲಿ 8ಎ ಇದ್ದದ್ದು 3ಎಗೆ ಹೋಯಿತು; ಪಕ್ಕಪಕ್ಕದ ಅಂಕಿಯ ಕೀಗಳನ್ನು ಬೆಸೆಯಬೇಕೆಂಬ ಲೇಖನದ ‘ಪಕ್ಕದ ಮನೆ’ ನಿಯಮ ಅಲ್ಲಿಗೆ ಮುರಿಯಿತು! ಕೀ ಲಾಕ್ ಹಾಕಿದರೆ ಶ್ರುತಿ ಉಳಿಯುತ್ತದೆ, ಆದರೆ ಹೆಚ್ಚು ಎಳೆದಷ್ಟೂ ತಾಳವಾದ್ಯಗಳ ಮೊನಚು ಮಸುಕಾಗುತ್ತದೆ.

ತಾಂಜಾನಿಯಾದ ಸಿಂಗೆಲಿ ಎಂಬ ಅತಿವೇಗದ ನೃತ್ಯಸಂಗೀತವನ್ನೂ ಲೇಖನದಲ್ಲಿ ಸೇರಿಸಬೇಕಿತ್ತು. 200ರ ಸಿಂಗೆಲಿಯನ್ನು ಅರ್ಧ ಲೆಕ್ಕದಲ್ಲಿ ಹಿಡಿದರೆ 100ರ ನೈಜೀರಿಯನ್ ಆಫ್ರೋಬೀಟ್ಸ್‌ನಿಂದ ನೇರವಾಗಿ ಅದಕ್ಕೆ ಜಿಗಿಯಬಹುದು.