ಕಾಫಿ ಕುಡಿದದ್ದು ನೆನಪಿದೆಯಂತೆ, ಮೂರೂವರೆ ಲಕ್ಷದ ಮಾತು ನೆನಪಿಲ್ಲವಂತೆ

ನನ್ನ ಮನೆ ಕಟ್ಟಿದ ಕಂಟ್ರಾಕ್ಟರಿಗೂ ನನಗೂ ಬಾಕಿ ದುಡ್ಡಿನ ಜಗಳ. ಅದನ್ನ ಕೋರ್ಟಿನ ಹೊರಗೆ ತೀರ್ಮಾನ ಮಾಡೋ ಆರ್ಬಿಟ್ರೇಟರ್ ಕೊಟ್ಟ ತೀರ್ಪು, ಅದಕ್ಕೆ ಅವಾರ್ಡ್ ಅಂತಾರೆ, ಇವತ್ತು ಮಧ್ಯಾಹ್ನ ಕೈಗೆ ಬಂತು. ಹದಿನಾಲ್ಕು ಪುಟ. ಹದಿಮೂರು ಪುಟ ಓದೋವರೆಗೂ ಬದುಕಿದೆ ಅಂದುಕೊಂಡಿದ್ದೆ. ಕೊನೆಯ ಪುಟದಲ್ಲಿ ಒಂದೇ ಸಾಲು: ಅವರವರ ಖರ್ಚು ಅವರವರದ್ದು. ಊಟ ಸೇರಲಿಲ್ಲ.

ಆ ಕಂಟ್ರಾಕ್ಟರು ಕೇಳಿದ್ದು 6,20,000. ಸಿಕ್ಕಿದ್ದು 2,90,000. ಕೇಸು ಶುರುವಾಗೋ ಮೊದಲೇ ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಕೂರಿಸಿ, ಕಾಫಿ ತರಿಸಿ, "3,50,000 ತಗೊಂಡು ಮುಗಿಸಿಬಿಡಿ ಮಾರಾಯ್ರೆ, ಅಡಿಕೆ ಮಂಡಿಗೆ ಹಾಕಿದ ವಾರದಲ್ಲೇ ಕೊಡ್ತೀನಿ" ಅಂದವನು ನಾನು. ಆರ್ಬಿಟ್ರೇಟರ್ ಕೊಡು ಅಂದದ್ದಕ್ಕಿಂತ ಅರವತ್ತು ಸಾವಿರ ಜಾಸ್ತಿ! ಅವತ್ತು ತಲೆ ಅಲ್ಲಾಡಿಸಿ ಎದ್ದುಹೋದ. ಆಮೇಲೆ ಎರಡು ವರ್ಷ ನನ್ನನ್ನ ಶಿವಮೊಗ್ಗಕ್ಕೆ ಅಲೆಸಿದ. ವಕೀಲರ ಫೀಸು, ಆರ್ಬಿಟ್ರೇಟರ್ ಫೀಸಲ್ಲಿ ನನ್ನ ಅರ್ಧ ಪಾಲು, ತಾರಸಿ ಸೋರೋದನ್ನ ನೋಡಿ ರಿಪೋರ್ಟ್ ಬರೆದ ಇಂಜಿನಿಯರಿಗೆ ಕೊಟ್ಟದ್ದು, ಬಸ್ಸು, ಜೆರಾಕ್ಸು, ಎಲ್ಲ ಕೂಡಿಸಿದರೆ 1,85,000. ಅವನಿಗೆ ಕೊಡೋದೂ ಸೇರಿಸಿದರೆ 4,75,000. ರಾಜಿಗೆ ಬಂದವನು ನಾನು, ಒಲ್ಲೆ ಅಂದವನು ಅವನು. 1,25,000 ಹೆಚ್ಚಿಗೆ ತೆರೋದು ನಾನು.

ವಿಚಾರಣೆಯ ಆ ದಿನ ಕಣ್ಣಿಗೆ ಕಟ್ಟಿದ ಹಾಗೇ ಇದೆ. ಆರ್ಬಿಟ್ರೇಟರು ಪೆನ್ನಿನ ಕ್ಯಾಪ್ ತೆಗೆದು ನನ್ನ ಕಡೆ ತಿರುಗಿದರು. "ರಾಜಿಗೆ ಕರೆದಿದ್ದೆ ಅಂತೀರಲ್ಲ, ಕಾಗದ ಎಲ್ಲಿ?" ನಾನು ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಸಿಮೆಂಟ್ ಬಿಲ್ಲು ಬಂತು. ಜಲ್ಲಿ ಬಿಲ್ಲು ಬಂತು. ಕಂಬಿ ತೂಕದ ಚೀಟಿ, ಸೆಂಟ್ರಿಂಗ್‌ನವನು ಸಹಿ ಹಾಕಿದ ಪುಸ್ತಕ, ಒಂದಾದ ಮೇಲೊಂದು ಮೇಜಿನ ಮೇಲೆ ಇಟ್ಟೆ. ಅವರು ಪೆನ್ನು ಹಿಡಿದೇ ಕೂತಿದ್ದರು. ನನಗೆ ಗೊತ್ತು ಆ ಕಾಗದ ಇಲ್ಲ ಅಂತ. ಆದರೂ ಕೈ ಹುಡುಕ್ತಾನೇ ಇತ್ತು. "ಬಾಯಲ್ಲಿ ಹೇಳಿದ್ದು ಸಾರ್, ಭಾವ ಜೊತೆಗಿದ್ದರು" ಅಂದೆ. "ಭಾವ ಅಂದರೆ ನಿಮ್ಮವರೇ ಅಲ್ವಾ?" ಅಂದರು. ಆಗ ಆ ಕಂಟ್ರಾಕ್ಟರು, ನನ್ನ ಮನೆ ಪಾಯದ ಪೂಜೆಯಲ್ಲಿ ನಮ್ಮಮ್ಮನ ಕಾಲಿಗೆ ಬಿದ್ದವನು, ತಣ್ಣಗೆ ಹೇಳಿದ: "ಕಾಫಿ ಕೊಡಿಸಿದ್ದು ನಿಜ ಸಾರ್. ದುಡ್ಡಿನ ಮಾತು ಏನೂ ನೆನಪಿಲ್ಲ." ನಮ್ಮ ವಕೀಲರು ಫೈಲಿನ ದಾರ ಸುತ್ತುತ್ತಾ ಕೂತಿದ್ದರು. ಒಂದು ಮಾತು ಆಡಲಿಲ್ಲ. ಮೇಜಿನ ಮೇಲಿನ ಬಿಲ್ಲುಗಳನ್ನ ನಾನೇ ಒಂದೊಂದಾಗಿ ವಾಪಸ್ ಕವರಿಗೆ ತುಂಬಿದೆ.

ಕಾಗದ ಯಾಕಿರಲಿಲ್ಲ? ಇದೇ ವಕೀಲರು ಬೇಡ ಅಂದಿದ್ದರು! "ಏನೂ ಬರೆದು ಕೊಡಬೇಡಿ, ಕೊಟ್ಟರೆ ಅಷ್ಟು ಬಾಕಿ ಇದೆ ಅಂತ ಒಪ್ಪಿಕೊಂಡಂಗೆ." ನಂಬಿದೆ. ಈಗ ಕೂತು ಓದಿದರೆ ಹೊಟ್ಟೆ ಉರೀತಿದೆ. 1996ರ ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ 31ಎ ಅಂತ ಕಲಂ ಸೇರಿಸಿದ್ದಾರೆ. ಸೋತವನು ಗೆದ್ದವನ ಖರ್ಚು ಕೊಡಬೇಕು ಅನ್ನೋದು ಸಾಮಾನ್ಯ ನಿಯಮ. ಖರ್ಚು ಹಂಚೋವಾಗ, ನ್ಯಾಯವಾದ ರಾಜಿ ಮಾತು ಬಂದು ಎದುರಿನವನು ಬೇಡ ಅಂದಿದ್ದನಾ ಅಂತಲೂ ನೋಡಬೇಕು ಅಂತ ಅದರಲ್ಲೇ ಬರೆದಿದೆ. ಕಮರ್ಷಿಯಲ್ ಕೋರ್ಟಿಗೆ ಹೋಗಿದ್ದರೂ ಸಿವಿಲ್ ಪ್ರೊಸೀಜರ್ ಕೋಡಿನ 35ನೇ ಕಲಮಿನಲ್ಲಿ ಇದೇ ಮಾತು ಇತ್ತು. ಇನ್ನು ಬರೆದುಕೊಟ್ಟರೆ ಸಿಕ್ಕಿಬೀಳ್ತೀವಿ ಅನ್ನೋ ಭಯಕ್ಕೂ ದಾರಿ ಇತ್ತಲ್ಲ. ಇದನ್ನ ಸಾಕ್ಷ್ಯವಾಗಿ ತರಬಾರದು ಅಂತ ಷರತ್ತು ಹಾಕಿದ್ದರೆ ಸಿವಿಲ್ ಕೇಸಲ್ಲಿ ಅದನ್ನ ಒಪ್ಪಿಗೆ ಅಂತ ತೋರಿಸೋಕೆ ಬರಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 23ನೇ ಕಲಂ, ಹೊಸದರಲ್ಲಿ 21. ಇಂಗ್ಲೆಂಡಿನಲ್ಲಿ 1975ರ ಕಾಲ್ಡರ್‌ಬ್ಯಾಂಕ್ ಕೇಸು, ಅದು ಗಂಡ ಹೆಂಡಿರ ಆಸ್ತಿ ಜಗಳ, ಆವಾಗಿನಿಂದ "ತೀರ್ಪು ಬರೋವರೆಗೆ ತೋರಿಸಬೇಡ, ಖರ್ಚಿನ ಪ್ರಶ್ನೆ ಬಂದಾಗ ಮಾತ್ರ ತೆಗಿ" ಅಂತ ಬರೆದು ಲಕೋಟೆ ಕಳಿಸ್ತಾರಂತೆ. ನನಗೆ ಲಕೋಟೆಯೂ ಬೇಕಿರಲಿಲ್ಲ. ಅದೇ ದಿನ ಸಂಜೆ ಒಂದು ವಾಟ್ಸಾಪ್ ಹಾಕಿದ್ದರೆ ಸಾಕಿತ್ತು.

ಹೋಗಲಿ, ಆರ್ಬಿಟ್ರೇಟರ ತಪ್ಪೇನಿದೆ, ಕಾಗದ ಇಲ್ಲದೆ ಅವರೇನು ಮಾಡ್ತಾರೆ ಅಂತ ಸಂಜೆ ಹೆಂಡತಿಗೆ ಹೇಳಿದೆ. ದುಡ್ಡು ಕಟ್ಟಿ ನೆಮ್ಮದಿಯಾಗಿರೋಣ ಅಂದೆ. ಅರ್ಧ ಗಂಟೆಗೆ ಮತ್ತೆ ಅವಾರ್ಡ್ ತೆಗೆದೆ. ಇಲ್ಲ, ಬಿಡೋಕಾಗಲ್ಲ. ಆರ್ಬಿಟ್ರೇಟರಿಗೆ ಸಾಕ್ಷ್ಯ ಕಾಯ್ದೆಯ ಕಟ್ಟೇ ಇಲ್ಲ, ಆರ್ಬಿಟ್ರೇಷನ್ ಕಾಯ್ದೆಯ 19ನೇ ಕಲಂ ಹಾಗೇ ಹೇಳುತ್ತೆ. ಹಾಗಿದ್ದ ಮೇಲೆ ಭಾವ ಅನ್ನೋ ಒಂದೇ ಕಾರಣಕ್ಕೆ ಅವರ ಮಾತು ಗಾಳಿಗೆ ಹೋಗಬೇಕಾ? ನಂಬಲ್ಲ ಅಂತಾದರೂ ಬರೀಬೇಕಿತ್ತಲ್ಲ. ಹದಿನಾಲ್ಕು ಪುಟದಲ್ಲಿ ಹೋಟೆಲ್ ಅನ್ನೋ ಪದವೇ ಇಲ್ಲ.

ಅವಾರ್ಡ್ ರದ್ದು ಮಾಡಿ ಅಂತ ಅದೇ ಕಾಯ್ದೆಯ 34ನೇ ಕಲಂ ಅಡಿ ಕೋರ್ಟಿಗೆ ಹೋಗೋಕೆ ಮೂರು ತಿಂಗಳು. ಹೋದರೆ ಮತ್ತೆ ಫೀಸು, ಮತ್ತೆ ಶಿವಮೊಗ್ಗ. ಹೋದರೂ ಕೋರ್ಟು ಸಾಕ್ಷಿಯನ್ನ ಮತ್ತೆ ತೂಗಿ ನೋಡಲ್ಲವಂತೆ. ಇಷ್ಟು ಬರೆಯೋ ಹೊತ್ತಿಗೆ ಒಳಕೋಣೆಯ ಮೂಲೇಲಿ ಇಟ್ಟ ತಪ್ಪಲೆ ಅರ್ಧ ತುಂಬಿದೆ. ಅವನು ಕಟ್ಟಿದ ತಾರಸಿಯದ್ದೇ ನೀರು.

ಇಂಥ ಕೇಸು ನಡೆಸಿದವರು, ವಕೀಲರು, ಯಾರಾದರೂ ಇದಕ್ಕೊಂದು ಉತ್ತರ ಕೊಡಿ. ರಾಜಿಗೆ ಕರೆದಿದ್ದೆ ಅಂತ ನಾನು ಹೇಳಿದ್ದನ್ನ, ಭಾವ ಹೇಳಿದ್ದನ್ನ, ಅವನು ನೆನಪಿಲ್ಲ ಅಂದದ್ದನ್ನ ಅವಾರ್ಡಿನಲ್ಲಿ ಒಂದು ಸಾಲೂ ಬರೆಯದೆ ಖರ್ಚು ಹಂಚಬಹುದಾ?